ಕಿಡ್ನಿ ಕಲ್ಲಿಗೆ ಶಾಕ್ ವೇವ್ ಸಾಕಾ, ಲೇಸರ್ ಬೇಕಾ?

ಸ್ಕ್ಯಾನಿಂಗ್ ಆಗಿದೆ. ರಿಪೋರ್ಟಿನಲ್ಲಿ ಕಲ್ಲು ಅಂತ ಬಂದಿದೆ. ಡಾಕ್ಟ್ರು ಶಾಕ್ ವೇವ್ (ಹೊರಗಿನಿಂದ ಅಲೆ ಹೊಡೆದು ಕಲ್ಲು ಒಡೆಯುವುದು), ಲೇಸರ್ (ದುರ್ಬೀನು ಒಳಗೆ ಇಳಿಸಿ ಒಡೆಯುವುದು) ಅಂತ ಎರಡು ಹೆಸರು ಹೇಳಿ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅಂದಿದ್ದಾರೆ. ಮನೆಗೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಪಕ್ಕದ ಮನೆಯವರಿಗೆ ಶಾಕ್ ವೇವ್‌ನಲ್ಲಿ ಒಂದೇ ಸಲಕ್ಕೆ ಹೋಗಿದೆ, ಭಾವನಿಗೆ ಎರಡು ಮೂರು ಸಲ ಮಾಡಿದರೂ ಹೋಗದೆ ಕೊನೆಗೆ ಲೇಸರ್ ಮಾಡಿಸಬೇಕಾಯಿತು, ದೊಡ್ಡಮ್ಮನಿಗೆ ಕೇಳಿದರೆ ಬಾಳೆದಿಂಡಿನ ರಸ ಕುಡಿ, ಹುರುಳಿ ಸಾರು ಉಣ್ಣು, ಎಲ್ಲ ಕರಗಿ ಹೋಗ್ತದೆ ಅನ್ನುತ್ತಾರೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಕಲ್ಲು ಬೇರೆ ಬೇರೆ, ಅಷ್ಟೇ.

ನಾನು ಡಾಕ್ಟರಲ್ಲ. ನೆಂಟರಲ್ಲಿ ಕಲ್ಲಿನವರು ಬೇಕಾದಷ್ಟಿದ್ದಾರೆ, ಆಸ್ಪತ್ರೆಗೆ ಜೊತೆಗೆ ಹೋಗುವ ಕೆಲಸ ಹೆಚ್ಚಾಗಿ ನನಗೇ ಬೀಳುತ್ತದೆ, ಹಾಗಾಗಿ ಓದಿ ಕೇಳಿ ತಿಳಿದುಕೊಂಡದ್ದು ಇದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಂದು ಸಿಟ್ಟಿಂಗಿನ ರೇಟು ಪಕ್ಕ ಪಕ್ಕ ಇಟ್ಟು ಹೋಲಿಸಿದರೆ ಯಾವಾಗಲೂ ತಪ್ಪು ಲೆಕ್ಕ ಸಿಗುತ್ತದೆ. ಇವತ್ತಿನಿಂದ ಕಲ್ಲು ಪೂರ್ತಿ ಹೊರಗೆ ಹೋಗುವ ದಿನದ ತನಕ ಏನೆಲ್ಲ ಆಗಬಹುದು ಅಂತ ನೋಡಿ ಹೋಲಿಸಬೇಕು.

ಆಯ್ಕೆಯೇ ಇಲ್ಲದ ಕೆಲವು ಹೊತ್ತು

ನೋವಿನ ಜೊತೆ ಚಳಿ ಜ್ವರ ಬಂದರೆ, ಮೂತ್ರ ಪೂರ್ತಿ ನಿಂತು ಹೋದರೆ, ಇರುವುದೇ ಒಂದು ಕಿಡ್ನಿ ಆಗಿದ್ದು ಆ ಕಡೆಯೇ ಕಲ್ಲು ಸಿಕ್ಕಿಕೊಂಡರೆ ಯಾವ ಹೋಲಿಕೆಯೂ ಬೇಡ. ಬೆಳಗಾಗಲಿ ಅಂತ ಕಾಯದೆ ಹೊರಡಿ. ಬೈಂದೂರಿಂದ ಆದರೂ ಸರಿ, ಸುಳ್ಯದಿಂದ ಆದರೂ ಸರಿ. ಕಟ್ಟಿ ನಿಂತ ಮೂತ್ರಕ್ಕೆ ಸೋಂಕು ಸೇರಿದರೆ ಅದು ರಕ್ತಕ್ಕೆ ಹತ್ತಿ ಜೀವಕ್ಕೇ ಅಪಾಯ ಆಗುತ್ತದೆ. ಆಗ ಕಲ್ಲಿನ ಗೋಜಿಗೇ ಹೋಗುವುದಿಲ್ಲ. ಮೂತ್ರನಾಳದ ಒಳಗೆ ಸ್ಟೆಂಟ್ ಅನ್ನುವ ಸಪೂರ ಕೊಳವೆ ಹಾಕಿಯೋ, ಬೆನ್ನಿನ ಕಡೆಯಿಂದ ಕಿಡ್ನಿಗೆ ಟ್ಯೂಬ್ ಇಳಿಸಿಯೋ ಮೂತ್ರ ಹೊರಗೆ ಬಿಡುತ್ತಾರೆ. ಸೋಂಕು ಇಳಿದ ಮೇಲೆ ಕಲ್ಲಿನ ಮಾತು.

ಸುಮ್ನೆ ಕಾಯುವುದೂ ಒಂದು ಆಯ್ಕೆ

ಇದನ್ನು ತುಂಬ ಜನ ಮರೆಯುತ್ತಾರೆ. ಕಲ್ಲು ಮೂತ್ರನಾಳಕ್ಕೆ ಇಳಿದಿದ್ದರೆ, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಸಣ್ಣ ಕೊಳವೆಯಲ್ಲಿದ್ದರೆ, 5 ಎಂಎಂ ಒಳಗಿನವು ನೂರಕ್ಕೆ ಸುಮಾರು 68 ತಾವಾಗಿಯೇ ಹೊರಗೆ ಬೀಳುತ್ತವೆ. 5ರಿಂದ 10 ಎಂಎಂ ಇದ್ದರೆ ನೂರಕ್ಕೆ ಸುಮಾರು 47. ನೋವು ಮಾತ್ರೆಗೆ ತಗ್ಗುತ್ತಿದ್ದರೆ, ಜ್ವರ ಇಲ್ಲದಿದ್ದರೆ, ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಸರಿ ಇದ್ದರೆ ನಾಲ್ಕರಿಂದ ಆರು ವಾರ ಕಾಯಬಹುದು. ಟಾಮ್ಸುಲೋಸಿನ್ ಅನ್ನುವ ಮಾತ್ರೆ ಕೊಡುತ್ತಾರಲ್ಲ, ಅದರ ಪ್ರಯೋಜನ ಹೆಚ್ಚಾಗಿ ಕೆಳಗಿನ ಭಾಗದಲ್ಲಿರುವ, 5 ಎಂಎಂಗಿಂತ ದೊಡ್ಡ ಕಲ್ಲಿಗೆ. ಆದರೆ ಕಾಯುವುದು ಅಂದರೆ ಮರೆತು ಕೂರುವುದಲ್ಲ, ನಡುವೆ ಸ್ಕ್ಯಾನ್ ಆಗಲೇಬೇಕು. ನೋವು ನಿಂತಿತು ಅಂದ ಮಾತ್ರಕ್ಕೆ ಕಲ್ಲು ಹೋಯಿತು ಅಂತ ಲೆಕ್ಕ ಇಲ್ಲ. ಕೆಲವೊಮ್ಮೆ ಕಲ್ಲು ಅಲ್ಲೇ ಕೂತಿರುತ್ತದೆ, ಕಿಡ್ನಿ ಮಾತ್ರ ಸದ್ದಿಲ್ಲದೆ ಹಾಳಾಗುತ್ತಾ ಇರುತ್ತದೆ.

ಬಾಳೆದಿಂಡಿನ ಪಲ್ಯ, ಹುರುಳಿ ಸಾರು, ಎಳನೀರು, ಎಲ್ಲ ಒಳ್ಳೆಯ ಊಟವೇ, ಬೇಡ ಅನ್ನುವುದಿಲ್ಲ. ಸಿಕ್ಕಿಕೊಂಡ 9 ಎಂಎಂ ಕಲ್ಲನ್ನು ಅವು ಕರಗಿಸುತ್ತವೆ ಅಂತ ನಂಬಿ ತಿಂಗಳುಗಟ್ಟಲೆ ಕಾಯಬೇಡಿ. ಬಿಯರ್ ಕುಡಿದರೆ ಕಲ್ಲು ತಳ್ಳಿಕೊಂಡು ಹೋಗುತ್ತದೆ ಅನ್ನುವ ಸಲಹೆಗಾರರೂ ನಮ್ಮಲ್ಲಿ ಕಡಿಮೆ ಇಲ್ಲ. ನೋವು ಜೋರಾಗಿರುವಾಗ ಬಿಯರಾಗಲಿ ನೀರಾಗಲಿ ಸುರಿದರೆ ಕಲ್ಲು ಬೇಗ ಇಳಿಯುವುದಿಲ್ಲ, ವಾಂತಿ ಜಾಸ್ತಿ ಆಗಬಹುದು. ಇನ್ನು ಬಿಂಬುಳಿಯ ಜ್ಯೂಸ್ ಔಷಧ ಅಂತ ಲೋಟಗಟ್ಟಲೆ ಕುಡಿಯುವವರಿದ್ದಾರೆ, ಅದಂತೂ ಬೇಡವೇ ಬೇಡ ಮಾರಾಯ್ರೆ. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ಅದರ ರಸ ಕುಡಿದು ಕಿಡ್ನಿಯೇ ಕೆಲಸ ನಿಲ್ಲಿಸಿದ ಕೇಸುಗಳನ್ನು ಕೇರಳದ ಡಾಕ್ಟರುಗಳು ವರದಿ ಮಾಡಿದ್ದಾರೆ. ಸಾರಿಗೆ ಎರಡು ಹಾಕುವುದು ಬೇರೆ ವಿಷಯ.

ರಿಪೋರ್ಟಿನಲ್ಲಿ ಏನು ನೋಡಬೇಕು

ಅಲ್ಟ್ರಾಸೌಂಡ್ ಒಂದೇ ಆಗಿದ್ದರೆ ತೀರ್ಮಾನಕ್ಕೆ ಹೆಚ್ಚಾಗಿ ಸಾಲದು. ಮೂತ್ರನಾಳದ ನಡುಭಾಗದ ಕಲ್ಲು ಅದರಲ್ಲಿ ತಪ್ಪಿಹೋಗುವುದು ಮಾಮೂಲು. ಪ್ಲೇನ್ ಸಿಟಿ ಕೆಯುಬಿ ಅಂತ ಬರೆದುಕೊಡುತ್ತಾರೆ, ಇಂಜೆಕ್ಷನ್ ಡೈ ಇಲ್ಲದ ಸಿಟಿ ಸ್ಕ್ಯಾನ್. ಅದರ ರಿಪೋರ್ಟಿನಲ್ಲಿ ಒಂದು ಸಾಲು ಹೀಗಿರುತ್ತದೆ ಅಂದುಕೊಳ್ಳಿ: ಎಡಗಡೆ ಅಪ್ಪರ್ ಯೂರೆಟರ್, 9 ಎಂಎಂ, ಎಚ್‌ಯು 700, ಮೈಲ್ಡ್ ಹೈಡ್ರೋನೆಫ್ರೋಸಿಸ್. ಈ ಒಂದು ಸಾಲಲ್ಲೇ ಅರ್ಧ ಉತ್ತರ ಇದೆ.

ಅಪ್ಪರ್ ಯೂರೆಟರ್ ಅಂದರೆ ಕಲ್ಲು ಮೂತ್ರನಾಳದ ಮೇಲ್ಭಾಗದಲ್ಲಿದೆ. 9 ಎಂಎಂ ಅಳತೆ. ಹೈಡ್ರೋನೆಫ್ರೋಸಿಸ್ ಅಂದರೆ ಮೂತ್ರ ಕಟ್ಟಿಕೊಂಡು ಕಿಡ್ನಿ ಊದಿಕೊಂಡಿದೆ, ಇಲ್ಲಿ ಸ್ವಲ್ಪ. ಎಚ್‌ಯು ಅನ್ನುವುದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಶಾಕ್ ವೇವ್ ಮಟ್ಟಿಗೆ ಅದೇ ಮುಖ್ಯ. ಕಲ್ಲು ಸಿಟಿಯಲ್ಲಿ ಎಷ್ಟು ದಟ್ಟವಾಗಿ ಕಾಣುತ್ತದೆ ಅನ್ನುವ ಅಂಕೆ ಅದು. 1000ಕ್ಕಿಂತ ಮೇಲಿದ್ದರೆ ಕಲ್ಲು ಗಟ್ಟಿ, ಹೊರಗಿನಿಂದ ಹೊಡೆದರೆ ಒಡೆಯುವ ಸಾಧ್ಯತೆ ಕಡಿಮೆ. ತೀರಾ ಕಡಿಮೆ ಇದ್ದು, ಎಕ್ಸ್‌ರೇಯಲ್ಲೂ ಕಲ್ಲು ಕಾಣದಿದ್ದರೆ ಅದು ಯೂರಿಕ್ ಆಸಿಡ್ ಕಲ್ಲಾಗಿರಬಹುದು. ಪೊಟಾಷಿಯಂ ಸಿಟ್ರೇಟ್ ಔಷಧಿಯಿಂದ ನಿಜವಾಗಿಯೂ ಕರಗುವ ಕಲ್ಲು ಅದು. ಡಾಕ್ಟ್ರು ಹೇಳದಿದ್ದರೆ ನೀವೇ ಕೇಳಿ. ರಿಪೋರ್ಟಿನಲ್ಲಿ ಎಚ್‌ಯು ಬರೆದಿರದಿದ್ದರೆ ಸ್ಕ್ಯಾನ್ ಸೆಂಟರಿನವರಿಗೆ ಸಿಡಿ ನೋಡಿ ಸೇರಿಸಿಕೊಡಿ ಅಂತ ಹೇಳಬಹುದು, ಅದಕ್ಕೆ ಇನ್ನೊಂದು ಸ್ಕ್ಯಾನ್ ಬೇಕಿಲ್ಲ.

ಇನ್ನೊಂದು ಅಳತೆ ಚರ್ಮದಿಂದ ಕಲ್ಲಿಗೆ ಇರುವ ದೂರ. 10 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಅಲೆಗಳ ಬಲ ಅಲ್ಲಿಗೆ ಮುಟ್ಟುವ ಹೊತ್ತಿಗೆ ಕುಗ್ಗಿರುತ್ತದೆ. ದಪ್ಪ ಮೈಯವರಿಗೆ ಶಾಕ್ ವೇವ್ ಅಷ್ಟು ಒಗ್ಗುವುದಿಲ್ಲ ಅನ್ನುವುದು ಇದಕ್ಕೇ.

ಶಾಕ್ ವೇವ್: ಕೊಯ್ಯುವುದಿಲ್ಲ, ಆದರೆ ಕಾಯಿಸುತ್ತದೆ

ಹೆಸರು ಕೇಳಿ ಕರೆಂಟ್ ಶಾಕ್ ಅಂತ ಹೆದರುವವರಿದ್ದಾರೆ, ಅದಲ್ಲ. ಇವು ಒತ್ತಡದ ಅಲೆಗಳು. ಹೊರಗಿನಿಂದ ಬಂದು ಕಲ್ಲು ಇರುವ ಒಂದು ಬಿಂದುವಿನಲ್ಲಿ ಸೇರಿ ಅದನ್ನು ಪುಡಿ ಮಾಡುತ್ತವೆ. ಜರ್ಮನಿಯ ಡಾರ್ನಿಯರ್ ಅನ್ನುವ ವಿಮಾನ ಕಂಪನಿಯ ಸಂಶೋಧನೆಯಿಂದ ಹುಟ್ಟಿದ ವಿದ್ಯೆ. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಮಾಡಿದರು. ಆಗ ರೋಗಿಯನ್ನು ನೀರು ತುಂಬಿದ ತೊಟ್ಟಿಯಲ್ಲಿ ಇಳಿಸುತ್ತಿದ್ದರು. ಈಗ ತೊಟ್ಟಿ ಇಲ್ಲ, ಟೇಬಲ್ ಮೇಲೆ ಮಲಗಿಸಿ ಸೊಂಟದ ಬದಿಗೆ ಜೆಲ್ ಸವರಿ ನೀರು ತುಂಬಿದ ಮೆತ್ತನೆಯ ತಲೆಯೊಂದನ್ನು ಒತ್ತಿ ಇಡುತ್ತಾರೆ. ತಮಾಷೆ ಏನೆಂದರೆ, ಆ ಹಳೆಯ ತೊಟ್ಟಿಯ ಮಿಷನ್ ಕಲ್ಲು ಒಡೆಯುವುದರಲ್ಲಿ ಈಗಿನ ಎಷ್ಟೋ ಮಿಷನ್‌ಗಳಿಗಿಂತ ಮುಂದಿತ್ತು. ಹೊಸದರಲ್ಲಿ ನೋವು ಕಡಿಮೆ, ಪೂರ್ತಿ ಅನಸ್ತೇಶಿಯಾ ಬೇಕಿಲ್ಲ, ಆದರೆ ಎರಡನೇ ಸಲ ಮಾಡಬೇಕಾಗುವುದು ಜಾಸ್ತಿ.

ಒಳಗೆ ಹೋದರೆ ಟಕ್ ಟಕ್ ಅಂತ ಒಂದೇ ಸಮನೆ ಸದ್ದು. ಒಂದು ಸಿಟ್ಟಿಂಗಿಗೆ ಎರಡು ಮೂರು ಸಾವಿರ ಹೊಡೆತ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲು ಸಣ್ಣ ಬಲದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಬದಿಯಲ್ಲಿ ಚುಚ್ಚಿದ ಹಾಗೆ ಆಗುತ್ತದೆ, ಅದಕ್ಕೆ ನೋವಿನ ಇಂಜೆಕ್ಷನ್ ಅಥವಾ ಮಂಪರಿನ ಮದ್ದು ಕೊಟ್ಟಿರುತ್ತಾರೆ. ನಿಮಿಷಕ್ಕೆ 60ರಿಂದ 90 ಹೊಡೆತ ಅನ್ನುವ ನಿಧಾನಗತಿಯಲ್ಲಿ ಮಾಡಿದರೆ ಕಲ್ಲು ಚೆನ್ನಾಗಿ ಒಡೆಯುತ್ತದೆ, ಕಿಡ್ನಿಗೂ ಪೆಟ್ಟು ಕಡಿಮೆ. ಹಾಗಾಗಿ ಬೇಗ ಮುಗಿಸಿ ಅಂತ ಟೆಕ್ನಿಷಿಯನ್‌ಗೆ ಅವಸರ ಮಾಡಬೇಡಿ. ಅಲುಗಾಡದೆ ಮಲಗುವುದು ನಿಮ್ಮ ಪಾಲಿನ ಕೆಲಸ. ಹೆಚ್ಚಿನವರು ಅವತ್ತೇ ಮನೆಗೆ. ಮಂಪರು ಕೊಟ್ಟಿದ್ದರೆ ಜೊತೆಗೆ ಒಬ್ಬರು ಬೇಕು, ಬಸ್ಸಲ್ಲಿ ಒಬ್ಬರೇ ಬರುವ ಆಲೋಚನೆ ಬೇಡ.

ನಿಜವಾದ ಕಥೆ ಶುರುವಾಗುವುದು ಮನೆಗೆ ಬಂದ ಮೇಲೆ. ಕಲ್ಲು ಒಡೆದಿದೆ, ಹೊರಗೆ ಹೋಗಿಲ್ಲ. ಚೂರುಗಳು ನಿಮ್ಮ ಮೂತ್ರನಾಳದಲ್ಲೇ ಇಳಿದು ಬರಬೇಕು. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಬದಿಯ ಚರ್ಮ ಕಂದಿರುತ್ತದೆ. ಚೂರು ಇಳಿಯುವಾಗ ಮತ್ತೆ ಅದೇ ಹಳೆಯ ನೋವು ಬರಬಹುದು. ಚಾ ಸೋಸುವ ಹಳೆಯ ಜಾಳಿಗೆ ಒಂದನ್ನು ಬಾತ್‌ರೂಮಿನಲ್ಲಿ ಇಟ್ಟುಕೊಂಡು ಮೂತ್ರ ಸೋಸಿ, ಸಿಕ್ಕಿದ ಚೂರನ್ನು ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕೊಡಿ. ಯಾವ ಜಾತಿಯ ಕಲ್ಲು ಅಂತ ಗೊತ್ತಾದರೆ ಮುಂದೆ ಊಟದಲ್ಲಿ ಏನು ಬದಲಾಯಿಸಬೇಕು ಅನ್ನುವುದು ಅಂದಾಜಿನ ಮೇಲೆ ನಡೆಯುವುದಿಲ್ಲ. ನೂರರಲ್ಲಿ ನಾಲ್ಕರಿಂದ ಏಳು ಜನರಿಗೆ ಚೂರುಗಳು ಸಾಲಾಗಿ ಕೊಳವೆಯಲ್ಲಿ ತುಂಬಿಕೊಂಡು ದಾರಿ ಕಟ್ಟುವುದೂ ಇದೆ, ಆಗ ಸ್ಟೆಂಟೋ ಲೇಸರೋ ಬೇಕಾಗಬಹುದು. ಕಿಡ್ನಿಯ ಸುತ್ತ ರಕ್ತ ಕಟ್ಟಿ ತೊಂದರೆ ಕೊಡುವುದು ಅಪರೂಪ, ಆದರೆ ಬಿಪಿ ಹತೋಟಿಯಲ್ಲಿಲ್ಲದವರಿಗೆ ಆ ಅಪಾಯ ಜಾಸ್ತಿ. ಎಲ್ಲ ಖಾಲಿ ಆಗಲು ಕೆಲವೊಮ್ಮೆ ವಾರಗಳು, ಕೆಲವೊಮ್ಮೆ ಮೂರು ತಿಂಗಳೂ ಹಿಡಿಯುತ್ತದೆ.

ಗರ್ಭಿಣಿಯರಿಗೆ ಶಾಕ್ ವೇವ್ ಮಾಡುವುದೇ ಇಲ್ಲ. ಮೂತ್ರದಲ್ಲಿ ಸೋಂಕು ಇದ್ದರೆ ಮೊದಲು ಅದು ಗುಣ ಆಗಬೇಕು. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲ ದಿನವೇ ಹೇಳಬೇಕು. ಆ ಮಾತ್ರೆ ನಿಲ್ಲಿಸದೆ ಶಾಕ್ ವೇವ್ ಆಗುವುದಿಲ್ಲ, ನಿಲ್ಲಿಸಬಹುದಾ ಅನ್ನುವುದನ್ನು ಹಾರ್ಟಿನ ಡಾಕ್ಟ್ರೇ ಹೇಳಬೇಕು. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಲು ಆಗದವರಿಗೆ ಲೇಸರ್ ದಾರಿ ತೆರೆದಿರುತ್ತದೆ. ಮಕ್ಕಳಲ್ಲಿ ಮಾತ್ರ ಶಾಕ್ ವೇವ್ ಚೆನ್ನಾಗಿ ಕೆಲಸ ಮಾಡುತ್ತದೆ, ದೊಡ್ಡವರಿಗಿಂತ ಸುಲಭವಾಗಿ ಚೂರು ಹೊರಗೆ ಹೋಗುತ್ತವೆ. ಸಣ್ಣ ಮಕ್ಕಳಿಗೆ ಪೂರ್ತಿ ಅನಸ್ತೇಶಿಯಾ ಬೇಕಾಗುತ್ತದೆ ಅಷ್ಟೇ.

ಲೇಸರ್: ಬೇಗ ಮುಗಿಯುತ್ತದೆ, ಸ್ಟೆಂಟ್ ಕಾಟ ಕೊಡುತ್ತದೆ

ಜನ ಲೇಸರ್ ಅಂದಾಗ ಹೊರಗಿನಿಂದ ಬೆಳಕು ಬಿಡುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೂತ್ರ ಹೋಗುವ ದಾರಿಯಲ್ಲೇ ಸಪೂರ ದುರ್ಬೀನು ಒಳಗೆ ಹೋಗುತ್ತದೆ, ಕಲ್ಲಿನ ಹತ್ತಿರ ಮುಟ್ಟಿ ಲೇಸರ್ ನಾರಿನಿಂದ ಅದನ್ನು ಪುಡಿ ಮಾಡುತ್ತಾರೆ, ಚೂರನ್ನು ಹಿಡಿದು ತೆಗೆಯಲೂ ಆಗುತ್ತದೆ. ಮೂತ್ರನಾಳದ ಕಲ್ಲಿಗೆ ಮಾಡಿದರೆ ಯುಆರ್‌ಎಸ್, ಬಗ್ಗುವ ದುರ್ಬೀನಿನಲ್ಲಿ ಕಿಡ್ನಿಯ ಒಳಗೇ ಹೋದರೆ ಆರ್‌ಐಆರ್‌ಎಸ್. ಹೊರಗೆ ಕೊಯ್ಲು ಇಲ್ಲ. ಆದರೆ ಇದು ಆಪರೇಷನ್ನೇ: ಥಿಯೇಟರ್, ಅನಸ್ತೇಶಿಯಾ, ಹೆಚ್ಚಾಗಿ ಒಂದು ರಾತ್ರಿ ಆಸ್ಪತ್ರೆ.

ಮುಗಿಸುವಾಗ ಹೆಚ್ಚಿನವರಿಗೆ ಡಿಜೆ ಸ್ಟೆಂಟ್ ಇಡುತ್ತಾರೆ, ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಕಲ್ಲಿನ ನೋವು ಹೋಯಿತು, ಇದೆಂತ ಹೊಸ ಉಪದ್ರ ಅಂತ ಬಯ್ಯದವರು ಕಡಿಮೆ. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ, ಹೋಗುವಾಗ ಸೊಂಟದಲ್ಲಿ ಚಳುಕು, ಜಾಸ್ತಿ ನಡೆದರೆ ರಕ್ತ. ಒಂದೆರಡು ವಾರದಲ್ಲಿ, ಕೆಲವರಿಗೆ ಇನ್ನೂ ತಡವಾಗಿ, ಅದನ್ನು ತೆಗೆಸಲು ಮತ್ತೆ ಹೋಗಬೇಕು. ಹೋಗಲೇಬೇಕು. ಒಳಗೇ ಮರೆತ ಸ್ಟೆಂಟಿನ ಮೇಲೆ ಕಲ್ಲು ಕಟ್ಟುತ್ತದೆ, ಆಮೇಲೆ ಅದನ್ನು ತೆಗೆಯುವುದೇ ದೊಡ್ಡ ಆಪರೇಷನ್. ಎಲ್ಲರಿಗೂ ಸ್ಟೆಂಟ್ ಬೇಕೇ ಬೇಕು ಅಂತಿಲ್ಲ, ಸಣ್ಣ ಕಲ್ಲು ಸಲೀಸಾಗಿ ಬಂದಿದ್ದರೆ ಇಡದೆಯೂ ಬಿಡಬಹುದು, ಆ ಮಾತು ಮೊದಲೇ ಕೇಳಿಟ್ಟುಕೊಳ್ಳಿ.

ಹಾಗಾದರೆ ಯಾವುದು?

ಮೂತ್ರನಾಳದ ಕಲ್ಲಿನ ಬಗ್ಗೆ 2007ರಲ್ಲಿ ಅಮೆರಿಕದ ಮತ್ತು ಯುರೋಪಿನ ಯುರಾಲಜಿ ಸಂಘಗಳು ಸೇರಿ ಲೆಕ್ಕ ಹಾಕಿದ್ದವು. ಮೇಲ್ಭಾಗದಲ್ಲಿ 10 ಎಂಎಂ ಒಳಗಿನ ಕಲ್ಲಿಗೆ ಶಾಕ್ ವೇವ್‌ನಲ್ಲಿ ನೂರಕ್ಕೆ 90 ಜನರ ಕಲ್ಲು ಪೂರ್ತಿ ಹೋಗಿತ್ತು, ದುರ್ಬೀನಿನಲ್ಲಿ 80. ಕೆಳಭಾಗದಲ್ಲಿ ಅದೇ ಅಳತೆಗೆ ಶಾಕ್ ವೇವ್ 86, ದುರ್ಬೀನು 97. ಆಮೇಲೆ ದುರ್ಬೀನುಗಳು ಇನ್ನೂ ಸುಧಾರಿಸಿವೆ, ಹಾಗಾಗಿ ಮೇಲ್ಭಾಗದ ಅಂತರ ಈಗ ಹಾಗೇ ಉಳಿದಿದೆ ಅನ್ನಲಾಗದು. ಕೆಳಗಿನ ಕಲ್ಲಿಗೆ ಲೇಸರ್ ಮುಂದೆ ಅನ್ನುವುದು ಮಾತ್ರ ಬದಲಾಗಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ 600ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ನೋಡಿದರು, ಫಲಿತಾಂಶ ಬಂದದ್ದು 2021ರ ಸುಮಾರಿಗೆ. ಶಾಕ್ ವೇವ್‌ನಿಂದ ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 22 ಜನರಿಗೆ ಮುಂದೆ ಬೇರೆ ಚಿಕಿತ್ಸೆ ಬೇಕಾಯಿತು, ದುರ್ಬೀನಿನವರಲ್ಲಿ ಸುಮಾರು 10. ಲೇಸರ್ ಗೆದ್ದಿತು ಅಂತ ಓದಬಹುದು. ನಾನು ಓದುವುದು ಇನ್ನೊಂದು ರೀತಿ: ಶಾಕ್ ವೇವ್‌ನವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಪರೇಷನ್ ಥಿಯೇಟರಿಗೆ ಹೋಗದೆ ಪಾರಾದರು.

ಕಿಡ್ನಿಯ ಒಳಗಿನ ಕಲ್ಲಿಗೆ ಜಾಗವೇ ಮುಖ್ಯ. ಮೇಲಿನ ಅಥವಾ ನಡುವಿನ ಭಾಗದಲ್ಲಿ 10 ಎಂಎಂ ಒಳಗಿದ್ದು ಗಟ್ಟಿ ಇಲ್ಲದಿದ್ದರೆ ಶಾಕ್ ವೇವ್ ಕೇಳಲೇಬೇಕಾದ ಆಯ್ಕೆ, 20 ಎಂಎಂವರೆಗೂ ಮಾಡುವುದುಂಟು. ಕೆಳಭಾಗದಲ್ಲಿ, ರಿಪೋರ್ಟಿನಲ್ಲಿ ಲೋವರ್ ಕ್ಯಾಲಿಕ್ಸ್ ಅಂತ ಇದ್ದರೆ, ಒಡೆದ ಚೂರು ಬಾವಿ ತಳದ ಕೆಸರಿನ ಹಾಗೆ ಅಲ್ಲೇ ಕೂರುತ್ತದೆ. ಅಲ್ಲಿ 10 ಎಂಎಂ ಮೇಲಾದರೆ ಆರ್‌ಐಆರ್‌ಎಸ್ ಉತ್ತಮ. 20 ಎಂಎಂ ದಾಟಿದರೆ ಬೆನ್ನಿನಲ್ಲಿ ಸಣ್ಣ ತೂತು ಮಾಡಿ ತೆಗೆಯುವ ಪಿಸಿಎನ್ಎಲ್, ಅಷ್ಟು ದೊಡ್ಡ ಕಲ್ಲಿಗೆ ಶಾಕ್ ವೇವ್ ಅಂದರೆ ಚೂರುಗಳ ರಾಶಿ, ಬೇಡ.

ಈಗ ರಿಪೋರ್ಟಿನಲ್ಲಿ ಇಲ್ಲದ ವಿಷಯ. ಕಾಪುವಿನ ಹುಡುಗ, ದುಬೈಯಿಂದ ಒಂದು ತಿಂಗಳ ರಜೆಯಲ್ಲಿ ಬಂದಿದ್ದಾನೆ, ವಾಪಸ್ ಟಿಕೆಟ್ ಆಗಿದೆ, ಕಲ್ಲು 9 ಎಂಎಂ. ಅವನಿಗೆ ನಾನು ಶಾಕ್ ವೇವ್ ಹೇಳುವುದಿಲ್ಲ, ಕಲ್ಲು ಅದಕ್ಕೆ ಹೇಳಿ ಮಾಡಿಸಿದ ಹಾಗಿದ್ದರೂ. ಚೂರುಗಳು ಅವನ ಟಿಕೆಟಿನ ತಾರೀಕು ನೋಡಿ ಇಳಿಯುವುದಿಲ್ಲ. ಬಿಸಿಲಲ್ಲಿ ಸೈಟಿನ ಕೆಲಸ, ಅಲ್ಲಿ ನೋವು ಬಂದರೆ ರಜೆ, ಇನ್ಶೂರೆನ್ಸ್, ಭಾಷೆ ಎಲ್ಲವೂ ತಲೆಬಿಸಿ. ರಜೆಯ ಮೊದಲ ವಾರದಲ್ಲೇ ಲೇಸರ್ ಮಾಡಿಸಿ, ಸ್ಟೆಂಟ್ ಇಲ್ಲೇ ತೆಗೆಸಿ ಹೋಗುವುದು ಅವನಿಗೆ ವಾಸಿ. ಸ್ಟೆಂಟ್ ಇಟ್ಟುಕೊಂಡೇ ವಿಮಾನ ಹತ್ತಿ, ಮುಂದಿನ ರಜೆಯಲ್ಲಿ ತೆಗೆಸುತ್ತೇನೆ ಅನ್ನುವವರಿದ್ದಾರೆ, ಅದಂತೂ ಬೇಡ.

ಅದೇ ಕಲ್ಲು ಮಣಿಪಾಲದ ಹತ್ತಿರ ಇರುವ, ಅನಸ್ತೇಶಿಯಾ ಅಂದರೆ ಅಪಾಯ ಇರುವ ಅರವತ್ತೈದರ ಅಜ್ಜನಿಗೆ ಆಗಿದ್ದರೆ, ಎಚ್‌ಯು 700 ಇದ್ದರೆ, ನಾನು ಕಣ್ಣುಮುಚ್ಚಿ ಶಾಕ್ ವೇವ್ ಕಡೆ. ಎರಡು ಸಲ ಹೋಗಬೇಕಾದರೂ ಆಟೋದಲ್ಲಿ ಹೋಗಿ ಬರಬಹುದು. ಬೆಳ್ತಂಗಡಿಯ ಒಳಗಿನ ಊರಿನವರಿಗೆ, ಮಳೆಗಾಲದಲ್ಲಿ, ಮನೆಯಲ್ಲಿ ಕರೆದುಕೊಂಡು ಹೋಗುವವರೇ ಇಲ್ಲದಿದ್ದರೆ? ಒಂದೇ ಸಲಕ್ಕೆ ಮುಗಿಯುವುದನ್ನು ಆರಿಸಿದರೆ ತಪ್ಪಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಶಾಕ್ ವೇವ್ ಮಿಷನ್ ಇಲ್ಲದ ಕಡೆ ಆ ಆಯ್ಕೆಯ ಮಾತೇ ಬಾರದೆ ಇರಬಹುದು, ಮಿಷನ್ ಇರುವ ಕಡೆ ಗಟ್ಟಿ ಕಲ್ಲಿಗೂ ಒಮ್ಮೆ ನೋಡೋಣ ಅನ್ನಬಹುದು. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಈ ಕಲ್ಲಿಗೆ, ಈ ಜಾಗದಲ್ಲಿ, ಈ ಎಚ್‌ಯುಗೆ ಇನ್ನೊಂದನ್ನು ಯಾಕೆ ಬೇಡ ಅನ್ನುತ್ತೀರಿ? ಸರಿಯಾದ ಯುರಾಲಜಿಸ್ಟ್ ಇದಕ್ಕೆ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಾರೆ, ಬೇಜಾರೂ ಮಾಡಿಕೊಳ್ಳುವುದಿಲ್ಲ. ಮಂಗಳೂರು, ದೇರಳಕಟ್ಟೆ, ಮಣಿಪಾಲ ಅಂತ ಇಷ್ಟು ಹತ್ತಿರ ಹತ್ತಿರ ಮೆಡಿಕಲ್ ಕಾಲೇಜು ಇರುವ ಜಾಗದಲ್ಲಿ ಎರಡನೇ ಅಭಿಪ್ರಾಯಕ್ಕೆ ಒಂದು ದಿನ ಸಾಕು, ಅಲ್ವಾ.

ದುಡ್ಡಿನ ವಿಷಯ

ರೇಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಹಾಗಾಗಿ ಅಂಕೆ ಹೇಳುವುದಿಲ್ಲ, ಏನು ಕೂಡಿಸಬೇಕು ಅಂತ ಹೇಳುತ್ತೇನೆ. ಶಾಕ್ ವೇವ್‌ಗೆ ಹೇಳಿದ ಮೊತ್ತದಲ್ಲಿ ಎಷ್ಟು ಸಿಟ್ಟಿಂಗ್ ಸೇರಿದೆ, ಎರಡನೆಯದಕ್ಕೆ ಬೇರೆ ಬಿಲ್ಲಾ, ನಡುವಿನ ಎಕ್ಸ್‌ರೇ ಸ್ಕ್ಯಾನ್ ಯಾರ ಲೆಕ್ಕ, ಒಡೆಯದಿದ್ದರೆ ಲೇಸರಿಗೆ ಪೂರ್ತಿ ಹೊಸ ಬಿಲ್ಲಾ. ಲೇಸರ್‌ಗೆ ಹೇಳಿದ ಮೊತ್ತದಲ್ಲಿ ಸ್ಟೆಂಟು, ಅದನ್ನು ತೆಗೆಯುವ ಖರ್ಚು, ಅನಸ್ತೇಶಿಯಾ, ರೂಮು ಸೇರಿದೆಯಾ. ಇದಕ್ಕೆ ನಿಮ್ಮ ಬಸ್ಸು, ಕಾರು, ಹೋದ ದಿನಗಳ ಸಂಬಳ ಕೂಡಿಸಿ. ಆಗ ಅಗ್ಗ ಅಂದುಕೊಂಡದ್ದು ಅಷ್ಟು ಅಗ್ಗ ಆಗಿರದೆ ಇರಬಹುದು.

ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಅಂತ ಆಸ್ಪತ್ರೆಯಲ್ಲಿ ಆ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ಕೇಳಿ, ಅಡ್ಮಿಟ್ ಆದ ಮೇಲೆ ಅಲ್ಲ, ಮೊದಲೇ. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆ ಇದ್ದೇ ಇದೆ. ಖಾಸಗಿ ಇನ್ಶೂರೆನ್ಸ್ ಇದ್ದರೆ ಎರಡು ವಿಷಯ ನೋಡಿ. ಹೆಚ್ಚಿನ ಪಾಲಿಸಿಗಳಲ್ಲಿ ಕಲ್ಲಿಗೆ ಎರಡು ವರ್ಷ ಕಾಯಬೇಕು ಅನ್ನುವ ಷರತ್ತು ಇರುತ್ತದೆ. ಮತ್ತೆ, ಶಾಕ್ ವೇವ್‌ಗೆ 24 ಗಂಟೆ ಅಡ್ಮಿಷನ್ ಇರುವುದಿಲ್ಲ, ಅದು ಡೇ ಕೇರ್ ಪಟ್ಟಿಯಲ್ಲಿದೆಯಾ, ಎರಡನೇ ಸಿಟ್ಟಿಂಗಿಗೂ ಕೊಡುತ್ತಾರಾ ಅಂತ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಕೌಂಟರಿನಲ್ಲಿ ಬರಹದಲ್ಲೇ ತೆಗೆದುಕೊಳ್ಳಿ.

ಹೋಗುವಾಗ ರಿಪೋರ್ಟಿನ ಕಾಗದ ಮಾತ್ರ ಸಾಲದು. ಸಿಟಿಯ ಸಿಡಿ, ಕ್ರಿಯೇಟಿನಿನ್ ಮತ್ತು ಮೂತ್ರ ಕಲ್ಚರ್ (ಸೋಂಕು ಇದೆಯಾ ಅಂತ ನೋಡುವ ಪರೀಕ್ಷೆ) ರಿಪೋರ್ಟ್, ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಇಷ್ಟು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಸಿಡಿ ಇಲ್ಲದೆ ಹೋದರೆ ಇನ್ನೊಮ್ಮೆ ಸಿಟಿ ಮಾಡಿಸಿ ಅನ್ನುತ್ತಾರೆ, ಅದರ ಬಿಲ್ಲೂ ನಿಮ್ಮದೇ.